ಮೂಲೆಗುಂಪಾದ ಮಕ್ಕಳಿಂದ ಪಾಠ ಕಲಿತ ಮರಿಯಾ ಮಾಂಟೆಸರಿ

ನಮ್ಮ ಪಟ್ಟಣಗಳಲ್ಲಿ ಮಾಂಟೆಸರಿ ಎಂಬ ಫಲಕ ಕಣ್ಣಿಗೆ ಬೀಳದ ಬಡಾವಣೆ ಅಪರೂಪ. ಒಂದನೇ ತರಗತಿಗೆ ಮುಂಚೆ ಮಕ್ಕಳನ್ನು ಕಳುಹಿಸುವ ಶಾಲೆಗೆ ಅದೊಂದು ಹೆಸರು ಎಂದೇ ನಮ್ಮಲ್ಲಿ ಬಹಳ ಮಂದಿ ತಿಳಿದಿದ್ದೇವೆ. ಅದು ಒಬ್ಬ ಮಹಿಳೆಯ ಮನೆತನದ ಹೆಸರು, ಆಕೆ ಇಟಲಿಯ ವೈದ್ಯೆ, ನಮ್ಮ ದೇಶದಲ್ಲೇ ಹಲವು ವರ್ಷ ಇದ್ದು ಶಿಕ್ಷಕರಿಗೆ ಪಾಠ ಹೇಳಿದವರು ಎಂಬುದು ಕೆಲವರಿಗೆ ಗೊತ್ತು. ಆದರೆ ಆ ಪದ್ಧತಿ ಹುಟ್ಟಿದ್ದು ಚುರುಕು ಮಕ್ಕಳ ನಡುವೆ ಅಲ್ಲ. ಯಾವ ಶಾಲೆಗೂ ಬೇಡವಾಗಿ ಹುಚ್ಚಾಸ್ಪತ್ರೆ ಸೇರಿದ್ದ ಮಕ್ಕಳ ನಡುವೆ ಎಂಬುದನ್ನು ಬಲ್ಲವರು ಬಹಳ ಕಡಿಮೆ.

ಆಟಿಸಂ ಇರುವ ಮಗುವಿನ ಕೈಹಿಡಿದು ಶಾಲೆಯಿಂದ ಶಾಲೆಗೆ ಅಲೆಯುವ ತಂದೆತಾಯಂದಿರು ಇಂದು ನಮ್ಮ ಧರ್ಮಕೇಂದ್ರಗಳಲ್ಲೂ ಇದ್ದಾರೆ. ಸೀಟು ಇಲ್ಲ, ನಮ್ಮಲ್ಲಿ ಅಂಥ ಶಿಕ್ಷಕರಿಲ್ಲ, ಬೇರೆ ಮಕ್ಕಳಿಗೆ ತೊಂದರೆಯಾಗುತ್ತದೆ ಎಂಬ ಉತ್ತರಗಳನ್ನು ಕೇಳಿ ಕೇಳಿ ಅವರು ಸೋತಿದ್ದಾರೆ. ಅವರ ಸಲುವಾಗಿಯೂ, ಆ ಉತ್ತರ ಕೊಡುವವರ ಸಲುವಾಗಿಯೂ ಈ ತಾಯಿಯ ಜೀವನವನ್ನು ಸ್ವಲ್ಪ ವಿವರವಾಗಿ ನೆನೆಯುವುದು ಒಳ್ಳೆಯದು.

ಹಟ ಬಿಡದ ಹುಡುಗಿ

ಮರಿಯಾ ಹುಟ್ಟಿದ್ದು 1870ರ ಆಗಸ್ಟ್ 31ರಂದು, ಇಟಲಿಯ ಅಂಕೋನ ಪಟ್ಟಣದ ಸಮೀಪದ ಕಿಯಾರವಾಲೆ ಎಂಬ ಊರಿನಲ್ಲಿ. ತಂದೆ ಅಲೆಸ್ಸಾಂದ್ರೊ ಸರ್ಕಾರಿ ನೌಕರರು, ಹಳೆಯ ಕಾಲದ ಶಿಸ್ತಿನ ಮನುಷ್ಯ. ತಾಯಿ ರೆನಿಲ್ದೆ ಓದಿನಲ್ಲಿ ಆಸಕ್ತಿಯಿದ್ದ ಹೆಂಗಸು. ಮರಿಯಾ ಅವರ ಒಬ್ಬಳೇ ಮಗಳು. ತಂದೆಗೆ ವರ್ಗವಾಗಿ ಕುಟುಂಬ ರೋಮ್ ನಗರಕ್ಕೆ ಬಂದಾಗ ಆಕೆಗೆ ಐದು ವರ್ಷ.

ಹೆಣ್ಣುಮಕ್ಕಳು ಓದಿದರೆ ಶಿಕ್ಷಕಿಯಾಗುವಷ್ಟು ಓದಿದರೆ ಸಾಕು ಎಂಬ ಕಾಲವದು. ಮರಿಯಾ ಮಾತ್ರ ಹುಡುಗರು ಓದುವ ತಾಂತ್ರಿಕ ಶಾಲೆಗೆ ಸೇರಿದಳು. ಇಂಜಿನಿಯರ್ ಆಗಬೇಕೆಂದಿದ್ದವಳು ಮುಂದೆ ವೈದ್ಯೆಯಾಗಬೇಕೆಂದು ಮನಸ್ಸು ಬದಲಿಸಿದಳು. ತಂದೆಗೆ ಇದು ಇಷ್ಟವಿರಲಿಲ್ಲ. ತಾಯಿ ಬೆಂಬಲಕ್ಕೆ ನಿಂತಳು. ವೈದ್ಯಕೀಯ ತರಗತಿಯಲ್ಲಿ ಗಂಡು ವಿದ್ಯಾರ್ಥಿಗಳ ಮುಂದೆ ಹೆಣ್ಣೊಬ್ಬಳು ಶವ ಕೊಯ್ದು ಕಲಿಯುವುದು ಸಭ್ಯತೆಯಲ್ಲ ಎಂದು, ಎಲ್ಲರೂ ಹೋದ ಮೇಲೆ ಆಕೆ ಒಬ್ಬಳೇ ಆ ಕೊಠಡಿಯಲ್ಲಿ ಶವಗಳ ನಡುವೆ ನಿಂತು ಕಲಿಯಬೇಕಾಯಿತು. ಇಷ್ಟೆಲ್ಲ ಸಹಿಸಿ 1896ರಲ್ಲಿ ರೋಮ್ ವಿಶ್ವವಿದ್ಯಾಲಯದಿಂದ ವೈದ್ಯಕೀಯ ಪದವಿ ಪಡೆದಳು. ಇಟಲಿಯ ಮೊದಮೊದಲ ಮಹಿಳಾ ವೈದ್ಯರಲ್ಲಿ ಆಕೆಯೂ ಒಬ್ಬಳು. ಬಾಗಿಲ ಹೊರಗೆ ನಿಲ್ಲಿಸಿಕೊಂಡವರ ಕಷ್ಟವನ್ನು ಆಕೆ ಪುಸ್ತಕದಲ್ಲಿ ಓದಿ ತಿಳಿದದ್ದಲ್ಲ.

ನೆಲದ ಮೇಲಿನ ಬ್ರೆಡ್ಡಿನ ಚೂರುಗಳು

ಪದವಿಯ ನಂತರ ಡಾಕ್ಟರ್ ಮಾಂಟೆಸರಿ ವಿಶ್ವವಿದ್ಯಾಲಯದ ಮನೋರೋಗ ಚಿಕಿತ್ಸಾಲಯದಲ್ಲಿ ಕೆಲಸಕ್ಕೆ ಸೇರಿದರು. ಅದರ ಅಂಗವಾಗಿ ರೋಮ್ ನಗರದ ಹುಚ್ಚಾಸ್ಪತ್ರೆಗಳಿಗೆ ಹೋಗಿ ರೋಗಿಗಳನ್ನು ನೋಡಬೇಕಾಗಿತ್ತು. ಅಲ್ಲಿ ವಯಸ್ಕರ ಜೊತೆ ಮಕ್ಕಳನ್ನೂ ಇಟ್ಟಿದ್ದರು. ಮಾತು ಬಾರದವರು, ನಿಧಾನವಾಗಿ ಕಲಿಯುವವರು, ಮೂರ್ಛೆ ರೋಗದವರು, ಯಾರ ಮುಖವನ್ನೂ ನೋಡದೆ ತಮ್ಮಷ್ಟಕ್ಕೆ ತಾವಿರುವವರು, ಎಲ್ಲರಿಗೂ ಮಂದಬುದ್ಧಿ ಎಂಬ ಒಂದೇ ಹಣೆಪಟ್ಟಿ.

ಅಂಥ ಒಂದು ಕಡೆ ನಡೆದ ಸಂಗತಿಯನ್ನು ಅವರ ಜೀವನ ಚರಿತ್ರೆ ಬರೆದವರು ತಪ್ಪದೆ ಹೇಳುತ್ತಾರೆ. ಮಕ್ಕಳು ಬರಿದಾದ ಕೊಠಡಿಯಲ್ಲಿ ಕೂಡಿಟ್ಟಂತೆ ಇದ್ದರು. ನೋಡಿಕೊಳ್ಳುವ ಹೆಂಗಸು ಅವರ ಬಗ್ಗೆ ಅಸಹ್ಯಪಟ್ಟು ದೂರುತ್ತಿದ್ದಳು. ಊಟ ಮುಗಿದ ಕೂಡಲೇ ನೆಲಕ್ಕೆ ಬಿದ್ದು ಬ್ರೆಡ್ಡಿನ ಚೂರುಗಳಿಗಾಗಿ ತಡಕಾಡುತ್ತಾರೆ, ಅಷ್ಟು ಹೊಟ್ಟೆಬಾಕರು ಎಂಬುದು ಅವಳ ದೂರು. ಮಾಂಟೆಸರಿ ಸುತ್ತಲೂ ನೋಡಿದರು. ಆ ಕೊಠಡಿಯಲ್ಲಿ ಆಟದ ಸಾಮಾನಿಲ್ಲ, ಕೈಗೆ ಸಿಗುವ ಒಂದು ವಸ್ತುವೂ ಇಲ್ಲ. ಮಕ್ಕಳು ಆ ಚೂರುಗಳನ್ನು ತಿನ್ನುವುದಕ್ಕಿಂತ ಹೆಚ್ಚಾಗಿ ಬೆರಳುಗಳಲ್ಲಿ ಹಿಡಿದು, ಒತ್ತಿ, ಉರುಳಿಸಿ ನೋಡುತ್ತಿದ್ದರು. ಅವರಿಗಿದ್ದದ್ದು ಹೊಟ್ಟೆಯ ಹಸಿವಲ್ಲ, ಕೈಯ ಹಸಿವು, ಮನಸ್ಸಿನ ಹಸಿವು.

ನೋಡಿಕೊಳ್ಳುವವಳು ಕಂಡದ್ದೂ ಅದನ್ನೇ, ವೈದ್ಯೆ ಕಂಡದ್ದೂ ಅದನ್ನೇ. ಒಬ್ಬಳು ಮಗುವಿನಲ್ಲಿ ದೋಷ ಕಂಡಳು. ಇನ್ನೊಬ್ಬರು ಕೊಠಡಿಯಲ್ಲಿ ಕೊರತೆ ಕಂಡರು. ಮುಂದಿನ ಐವತ್ತು ವರ್ಷಗಳ ಅವರ ಕೆಲಸವೆಲ್ಲ ಈ ನೋಟದಿಂದಲೇ ಬೆಳೆಯಿತು.

ಇಬ್ಬರು ಹಳೆಯ ಗುರುಗಳು

ಈ ಮಕ್ಕಳಿಗೆ ಏನಾದರೂ ಮಾಡಿದವರು ಹಿಂದೆ ಯಾರಾದರೂ ಇದ್ದರೇ ಎಂದು ಅವರು ಗ್ರಂಥಾಲಯಗಳಲ್ಲಿ ಹುಡುಕಿದರು. ಸಿಕ್ಕಿದವರು ಫ್ರಾನ್ಸಿನ ಇಬ್ಬರು: ಇತಾರ್ ಮತ್ತು ಅವರ ಶಿಷ್ಯ ಸೆಗೆನ್.

1800ರಲ್ಲಿ ಫ್ರಾನ್ಸಿನ ಅವೆರೋನ್ ಪ್ರಾಂತದ ಕಾಡಿನಿಂದ ಹನ್ನೊಂದು ಹನ್ನೆರಡು ವಯಸ್ಸಿನಂತೆ ಕಾಣುವ ಹುಡುಗನೊಬ್ಬ ಹೊರಬಂದಿದ್ದ. ಮಾತಿಲ್ಲ, ಬಟ್ಟೆಯಿಲ್ಲ, ಕುಳಿತಲ್ಲೇ ಹಿಂದೆ ಮುಂದೆ ತೂಗುತ್ತಿದ್ದ. ಆ ಕಾಲದ ದೊಡ್ಡ ವೈದ್ಯರಾದ ಪಿನೆಲ್ ಅವನಿಗೆ ಕಲಿಸಿ ಪ್ರಯೋಜನವಿಲ್ಲ ಎಂದು ತೀರ್ಮಾನಿಸಿದರು. ಆದರೆ ಪ್ಯಾರಿಸ್ ನಗರದಲ್ಲಿ ಲ ಎಪೆ ಎಂಬ ಗುರುಗಳು ಕಿವುಡ ಮಕ್ಕಳಿಗಾಗಿ ಸ್ಥಾಪಿಸಿದ್ದ ಶಾಲೆಯ ಯುವ ವೈದ್ಯ ಇತಾರ್ ಅವನನ್ನು ಕೈಬಿಡಲಿಲ್ಲ. ವಿಕ್ಟರ್ ಎಂದು ಹೆಸರಿಟ್ಟು ಸುಮಾರು ಐದು ವರ್ಷ ಪಾಠ ಹೇಳಿದರು. ಮದಾಂ ಗೆರಾಂ ಎಂಬ ತಾಯಿ ಅವನಿಗೆ ಉಣಿಸಿ, ಉಡಿಸಿ, 1828ರಲ್ಲಿ ಅವನು ಸಾಯುವವರೆಗೂ ನೋಡಿಕೊಂಡಳು. ವಿಕ್ಟರ್ ಮಾತು ಕಲಿಯಲಿಲ್ಲ. ಆದರೆ ಕೆಲವು ಬರೆದ ಪದಗಳನ್ನು ಗುರುತಿಸಲು ಕಲಿತ, ಪ್ರೀತಿ ತೋರಿಸಲು ಕಲಿತ. ಅವನಿಗೆ ಇದ್ದದ್ದು ಆಟಿಸಂ ಇರಬಹುದು ಎಂದು ಇಂದಿನ ಕೆಲವು ವಿದ್ವಾಂಸರು ಹೇಳುತ್ತಾರೆ.

ಇತಾರ್ ಬಿಟ್ಟಲ್ಲಿಂದ ಸೆಗೆನ್ ಮುಂದುವರಿಸಿದರು. ಸ್ನಾಯುಗಳಿಗೆ, ಕೈಗೆ, ಕಣ್ಣಿಗೆ ಮೊದಲು ಪಾಠ. ಆಮೇಲೆ ಬುದ್ಧಿಗೆ ಎಂಬುದು ಅವರ ಕ್ರಮ. 1846ರಲ್ಲಿ ದೊಡ್ಡ ಪುಸ್ತಕವನ್ನೇ ಬರೆದರು. ಮಾಂಟೆಸರಿ ಈ ಇಬ್ಬರ ಬರಹಗಳನ್ನು ಪ್ರತಿಯೊಂದು ಮಾತೂ ಮನಸ್ಸಿನಲ್ಲಿ ನಿಲ್ಲಲಿ ಎಂದು ತಮ್ಮ ಕೈಯಿಂದಲೇ ಇಟಾಲಿಯನ್ ಭಾಷೆಗೆ ಬರೆದುಕೊಂಡರು. 1898ರಲ್ಲಿ ಟ್ಯೂರಿನ್ ನಗರದಲ್ಲಿ ನಡೆದ ಶಿಕ್ಷಕರ ಸಮ್ಮೇಳನದಲ್ಲಿ ಎದ್ದು ನಿಂತು, ಈ ಮಕ್ಕಳ ಪ್ರಶ್ನೆ ಔಷಧಿಯ ಪ್ರಶ್ನೆಗಿಂತ ಹೆಚ್ಚಾಗಿ ಶಿಕ್ಷಣದ ಪ್ರಶ್ನೆ ಎಂದು ವಾದಿಸಿದರು. ವೈದ್ಯೆಯೊಬ್ಬರು ಹಾಗೆ ಹೇಳಿದ್ದು ಹಲವರಿಗೆ ಆಶ್ಚರ್ಯವಾಯಿತು.

ಕೈಯಿಂದ ಕಲಿತ ಅಕ್ಷರ

1900ರಲ್ಲಿ ಇಂಥ ಮಕ್ಕಳಿಗೆ ಕಲಿಸುವ ಶಿಕ್ಷಕರನ್ನು ತರಬೇತುಗೊಳಿಸಲು ರೋಮ್ ನಗರದಲ್ಲಿ ಒಂದು ಶಾಲೆ ತೆರೆಯಿತು. ಅದರ ನಿರ್ದೇಶಕರು ಇಬ್ಬರು: ಮಾಂಟೆಸರಿ ಮತ್ತು ಡಾಕ್ಟರ್ ಜುಸೆಪ್ಪೆ ಮೊಂತೆಸಾನೊ. ಹುಚ್ಚಾಸ್ಪತ್ರೆಯಿಂದ ಮಕ್ಕಳನ್ನು ಅಲ್ಲಿಗೆ ಕರೆತಂದರು. ನಿರ್ದೇಶಕಿಯ ಕುರ್ಚಿಯಲ್ಲಿ ಕೂರದೆ ಬೆಳಗ್ಗೆ ಎಂಟರಿಂದ ಸಂಜೆ ಏಳರವರೆಗೆ ಮಾಂಟೆಸರಿ ತಾವೇ ಮಕ್ಕಳ ಜೊತೆ ಕೆಲಸ ಮಾಡುತ್ತಿದ್ದರು. ರಾತ್ರಿ ಕುಳಿತು, ಅಂದು ಕಂಡದ್ದನ್ನೆಲ್ಲ ಬರೆದಿಡುತ್ತಿದ್ದರು.

ಒಬ್ಬ ಹನ್ನೊಂದು ವರ್ಷದ ಹುಡುಗಿಗೆ ಹೊಲಿಗೆಯ ಮೊದಲ ಎಳೆಯನ್ನು ಹಾಕುವುದೂ ಬರುತ್ತಿರಲಿಲ್ಲ. ಎಷ್ಟು ಸಲ ತೋರಿಸಿದರೂ ಅಷ್ಟೇ. ಮಾಂಟೆಸರಿ ಹೊಲಿಗೆಯನ್ನು ನಿಲ್ಲಿಸಿ, ಕಾಗದದ ಪಟ್ಟಿಗಳನ್ನು ಮೇಲೆ ಕೆಳಗೆ ತೂರಿಸಿ ಚಾಪೆಯಂತೆ ಹೆಣೆಯಲು ಕೊಟ್ಟರು. ಅದು ಚೆನ್ನಾಗಿ ಕೈಗೆ ಹತ್ತಿದ ಮೇಲೆ ಮತ್ತೆ ಸೂಜಿ ಕೊಟ್ಟರು. ಹುಡುಗಿ ಹೊಲಿದಳು. ಮಗುವಿಗೆ ಬಾರದ ಕೆಲಸವನ್ನೇ ನೂರು ಸಲ ಮಾಡಿಸಬೇಡ, ಆ ಕೆಲಸಕ್ಕೆ ಮುಂಚಿನ ಮೆಟ್ಟಿಲು ಯಾವುದೆಂದು ಹುಡುಕಿ ಅಲ್ಲಿ ಅಭ್ಯಾಸ ಮಾಡಿಸು ಎಂಬ ಪಾಠವನ್ನು ಆ ಹುಡುಗಿಯಿಂದ ಗುರು ಕಲಿತರು. ಅಕ್ಷರಗಳನ್ನೂ ಹಾಗೆಯೇ ಮರದಲ್ಲಿ ಮಾಡಿಸಿ, ಮಕ್ಕಳು ಅವುಗಳ ಮೇಲೆ ಬೆರಳಾಡಿಸಿ ರೂಪ ಹಿಡಿಯುವಂತೆ ಮಾಡಿದರು.

ಕೆಲವು ಮಕ್ಕಳು ಓದು ಬರಹ ಕಲಿತು, ಸಾಮಾನ್ಯ ಶಾಲೆಯ ಮಕ್ಕಳ ಜೊತೆ ಪರೀಕ್ಷೆಗೆ ಕುಳಿತು ಪಾಸಾದರು. ಜನ ಇದನ್ನು ಪವಾಡವೆಂದು ಹೊಗಳಿದರು. ಮಾಂಟೆಸರಿ ಮಾತ್ರ ಬೇರೆಯೇ ಒಂದು ಚಿಂತೆಯಲ್ಲಿದ್ದರು. ಈ ಮಕ್ಕಳು ಇಷ್ಟು ಮುಂದೆ ಬರುವುದಾದರೆ, ಆರೋಗ್ಯವಂತ ಮಕ್ಕಳನ್ನು ಇಷ್ಟು ಹಿಂದೆ ಹಿಡಿದಿಟ್ಟಿರುವುದು ಯಾವುದು ಎಂಬ ಪ್ರಶ್ನೆ ಅವರನ್ನು ಕಾಡತೊಡಗಿತು.

ಒಬ್ಬ ತಾಯಿಯ ಗುಟ್ಟು

ಇಲ್ಲಿ ಅವರ ಜೀವನದ ಒಂದು ನೋವನ್ನು ಹೇಳದೆ ಮುಂದೆ ಹೋಗುವಂತಿಲ್ಲ. 1898ರ ಮಾರ್ಚ್ ತಿಂಗಳಲ್ಲಿ ಅವರಿಗೆ ಮಾರಿಯೊ ಎಂಬ ಮಗ ಹುಟ್ಟಿದ. ತಂದೆ ಡಾಕ್ಟರ್ ಮೊಂತೆಸಾನೊ. ಅವರಿಬ್ಬರೂ ಮದುವೆಯಾಗಲಿಲ್ಲ. ಅಂದಿನ ಸಮಾಜದಲ್ಲಿ ಈ ವಿಷಯ ಹೊರಬಿದ್ದಿದ್ದರೆ ಆಕೆಯ ವೃತ್ತಿಯೂ ಹೆಸರೂ ಮುಗಿದಂತೆಯೇ. ಕೂಸನ್ನು ಹಳ್ಳಿಯ ಒಂದು ಕುಟುಂಬದಲ್ಲಿ ಸಾಕಲು ಬಿಟ್ಟರು. 1901ರಲ್ಲಿ ಮೊಂತೆಸಾನೊ ಬೇರೊಬ್ಬರನ್ನು ಮದುವೆಯಾದಾಗ ಮಾಂಟೆಸರಿ ಆ ಶಾಲೆಯನ್ನೂ ತೊರೆದರು. ಮಗ ತಾಯಿಯ ಬಳಿಗೆ ಬಂದದ್ದು ಹದಿನೈದರ ಪ್ರಾಯದಲ್ಲಿ. ಅದೂ ಬಹುಕಾಲ ನೆಂಟರ ಹುಡುಗನೆಂಬ ಹೆಸರಿನಲ್ಲಿ.

ಇದನ್ನು ಎತ್ತಿ ಹೇಳುವುದು ಆಕೆಯನ್ನು ತೂಗಿ ನೋಡಲಿಕ್ಕಲ್ಲ. ಜನರ ಬಾಯಿಗೆ ಹೆದರಿ ಹೆತ್ತ ಮಗುವನ್ನು ಮರೆಯಲ್ಲಿಡುವುದು ಎಂದರೇನೆಂದು ಆಕೆ ಸ್ವತಃ ಅನುಭವಿಸಿದವರು. ನೆಂಟರು ಬಂದಾಗ ಮಗುವನ್ನು ಒಳಗಿನ ಕೋಣೆಯಲ್ಲಿ ಕೂರಿಸುವ, ಹಬ್ಬದ ಬಲಿಪೂಜೆಗೆ ಬರಲು ಅಂಜುವ ತಾಯಂದಿರು ನಮ್ಮಲ್ಲಿ ಇಂದಿಗೂ ಇದ್ದಾರೆ. ಅವರ ತಪ್ಪಿಗಿಂತ ಅವರನ್ನು ನೋಡುವ ನಮ್ಮ ಕಣ್ಣುಗಳ ತಪ್ಪೇ ದೊಡ್ಡದು.

ಮೂರು ರಾಯರ ಹಬ್ಬದಂದು

1907ರ ಜನವರಿ 6, ಮೂರು ರಾಯರ ಹಬ್ಬ. ರೋಮ್ ನಗರದ ಸಾನ್ ಲೊರೆಂಜೊ ಎಂಬ ಬಡವರ ಕೇರಿಯಲ್ಲಿ ಮಕ್ಕಳ ಮನೆ ಆರಂಭವಾದದ್ದು ಅಂದು. ತಂದೆತಾಯಂದಿರು ಕೂಲಿಗೆ ಹೋದಾಗ ಮೆಟ್ಟಿಲುಗಳ ಮೇಲೆ ಓಡಾಡಿ ಗೋಡೆ ಗೀಚುತ್ತಿದ್ದ ಐವತ್ತಕ್ಕೂ ಹೆಚ್ಚು ಚಿಕ್ಕಮಕ್ಕಳನ್ನು ಒಂದೆಡೆ ಇರಿಸುವುದು ಕಟ್ಟಡದ ಮಾಲೀಕರ ಉದ್ದೇಶ. ಆಸ್ಪತ್ರೆಯ ಮಕ್ಕಳಿಗಾಗಿ ಮಾಡಿಸಿದ್ದ ಸಾಮಗ್ರಿಗಳನ್ನೇ ತಿದ್ದಿ ಮಾಂಟೆಸರಿ ಈ ಮಕ್ಕಳ ಮುಂದಿಟ್ಟರು. ಮಗುವಿನ ಎತ್ತರಕ್ಕೆ ತಕ್ಕ ಮೇಜು ಕುರ್ಚಿ, ಕೈಗೆಟುಕುವ ಕಪಾಟು ಮಾಡಿಸಿದರು.

ಒಂದು ದಿನ ಮೂರು ವರ್ಷದ ಪುಟ್ಟ ಹುಡುಗಿಯೊಬ್ಬಳು ಮರದ ತುಂಡುಗಳನ್ನು ಅವುಗಳ ಕುಳಿಯಲ್ಲಿ ಕೂರಿಸಿ, ತೆಗೆದು, ಮತ್ತೆ ಕೂರಿಸುತ್ತಿದ್ದಳು. ಮಾಂಟೆಸರಿ ಎಣಿಸುತ್ತಾ ನಿಂತರು. ಸುತ್ತಲೂ ಹಾಡಿಸಿದರು, ಅವಳನ್ನು ಕುರ್ಚಿ ಸಮೇತ ಎತ್ತಿ ಮೇಜಿನ ಮೇಲಿಟ್ಟರು, ಮಗು ಕದಲಲಿಲ್ಲ. ನಲವತ್ತಕ್ಕೂ ಹೆಚ್ಚು ಸಲ ಮಾಡಿ, ನಿದ್ದೆಯಿಂದ ಎದ್ದವಳಂತೆ ಹಸನ್ಮುಖಿಯಾಗಿ ತಲೆಯೆತ್ತಿದಳು. ಮಾಡಿದ್ದನ್ನೇ ಮಾಡುವುದು ಮಕ್ಕಳ ಹುಚ್ಚಾಟವಲ್ಲ, ಅದೇ ಅವರ ಕೆಲಸ ಎಂದು ಮಾಂಟೆಸರಿ ಅರಿತರು.

ಇನ್ನೊಂದು ದಿನ ನಾಲ್ಕು ತಿಂಗಳ ಕೂಸನ್ನು ತರಗತಿಗೆ ತಂದು, ಇದರಷ್ಟು ಸದ್ದಿಲ್ಲದೆ ಇರಬಲ್ಲಿರಾ ಎಂದು ಮಕ್ಕಳನ್ನು ಕೇಳಿದರು. ಉಸಿರೂ ಕೇಳದಷ್ಟು ಮೌನ ಆ ಕೊಠಡಿಯನ್ನು ತುಂಬಿತು. ಅಂದಿನಿಂದ ಮೌನವೂ ಆ ಶಾಲೆಯ ಒಂದು ಪಾಠವಾಯಿತು.

ಈ ಹೊಸ ಪದ್ಧತಿಗೆ ಬಾಗಿಲು ತೆರೆದವರಲ್ಲಿ ನಮ್ಮ ಧರ್ಮಭಗಿನಿಯರೂ ಇದ್ದರು. 1908ರ ಮೆಸ್ಸಿನಾ ಭೂಕಂಪದಲ್ಲಿ ಅನಾಥರಾದ ಮಕ್ಕಳಿಗೆ ರೋಮ್ ನಗರದ ಫ್ರಾನ್ಸಿಸ್ಕನ್ ಮಿಷನರೀಸ್ ಆಫ್ ಮೇರಿ ಕಾನ್ವೆಂಟಿನಲ್ಲಿ ಮಕ್ಕಳ ಮನೆ ತೆರೆಯಿತು. ಮುಂದೆ ಬಾರ್ಸಿಲೋನ ನಗರದಲ್ಲಿ ಮಕ್ಕಳಿಗೆ ಬಲಿಪೂಜೆಯನ್ನೂ ಜ್ಞಾನೋಪದೇಶವನ್ನೂ ಕೈ ಕಣ್ಣುಗಳ ಮೂಲಕ ಕಲಿಸುವ ಪ್ರಯೋಗ ನಡೆಯಿತು. ಬಲಿಪೂಜೆಯನ್ನು ಮಕ್ಕಳಿಗೆ ವಿವರಿಸುವ ಪುಸ್ತಕವನ್ನು ಮಾಂಟೆಸರಿ ತಾವೇ ಬರೆದರು.

ಅಡ್ಯಾರಿನಿಂದ ಕೊಡೈಕೆನಾಲಿಗೆ

1934ರಲ್ಲಿ ಮುಸೊಲಿನಿಯ ಸರ್ಕಾರದೊಂದಿಗೆ ಮನಸ್ತಾಪವಾಗಿ ಇಟಲಿಯಲ್ಲಿ ಅವರ ಶಾಲೆಗಳು ಮುಚ್ಚಿದವು. ಸ್ಪೇನಿನಲ್ಲಿದ್ದಾಗ 1936ರಲ್ಲಿ ಅಂತರ್ಯುದ್ಧ ಎದ್ದಿತು, ಅಲ್ಲಿಂದಲೂ ಹೊರಟರು. 1939ರ ಕೊನೆಯಲ್ಲಿ ಥಿಯಾಸಫಿಕಲ್ ಸೊಸೈಟಿಯ ಆಹ್ವಾನದ ಮೇರೆಗೆ ಮಗನೊಡನೆ ಮದರಾಸಿಗೆ ಬಂದರು. ಅಡ್ಯಾರಿನಲ್ಲಿ ತೆಂಗಿನ ಗರಿಯ ಚಪ್ಪರಗಳ ಕೆಳಗೆ ಸುಮಾರು ಮುನ್ನೂರು ಮಂದಿ ಶಿಕ್ಷಕರಿಗೆ ತರಗತಿ ನಡೆಸಿದರು. ಕೆಲವು ತಿಂಗಳೆಂದು ಬಂದವರು ಯುದ್ಧದಿಂದಾಗಿ ವರ್ಷಗಟ್ಟಲೆ ಇಲ್ಲೇ ಉಳಿದರು.

1940ರ ಜೂನ್‌ನಲ್ಲಿ ಇಟಲಿ ಯುದ್ಧಕ್ಕೆ ಇಳಿದಾಗ ಬ್ರಿಟಿಷರು ಮಾರಿಯೊನನ್ನು ಅಹಮದ್‌ನಗರದ ಶಿಬಿರದಲ್ಲಿ ಬಂಧನದಲ್ಲಿಟ್ಟರು. ಆಗಸ್ಟ್ 31ರಂದು ಮಾಂಟೆಸರಿ ಅವರಿಗೆ ಎಪ್ಪತ್ತು ತುಂಬಿತು. ಆ ದಿನದ ಉಡುಗೊರೆಯಾಗಿ ಆಕೆಯ ಮಗನನ್ನು ಬಿಡುಗಡೆ ಮಾಡುತ್ತಿರುವುದಾಗಿ ವೈಸ್‌ರಾಯ್ ತಂತಿ ಕಳುಹಿಸಿದರು. ಅದುವರೆಗೆ ಲೋಕದ ಮುಂದೆ ಆಕೆಯ ಮಗನೆಂದು ಹೇಳಿಸಿಕೊಳ್ಳದಿದ್ದ ಮಾರಿಯೊ ಮಗನೆಂದೇ ತಾಯಿಯ ಬಳಿಗೆ ಬಂದ. ಅವನಿಗಾಗ ನಲವತ್ತೆರಡು ವರ್ಷ.

1942ರಿಂದ 1944ರವರೆಗೆ ಅವರು ಕೊಡೈಕೆನಾಲ್ ಗಿರಿಧಾಮದಲ್ಲಿದ್ದರು. ಯುದ್ಧ ಮುಗಿದ ನಂತರ ಯುರೋಪಿಗೆ ಹೋಗಿ, 1947ರಲ್ಲಿ ಮತ್ತೆ ಬಂದು 1949ರವರೆಗೆ ಪಾಠ ಹೇಳಿದರು. ಈ ವರ್ಷಗಳಲ್ಲಿ ಅವರಿಂದ ತರಬೇತಿ ಪಡೆದ ನಮ್ಮ ದೇಶದ ಶಿಕ್ಷಕರು ಸಾವಿರಕ್ಕೂ ಹೆಚ್ಚು. 1949ರಿಂದ ಸತತವಾಗಿ ಮೂರು ವರ್ಷ ನೊಬೆಲ್ ಶಾಂತಿ ಪ್ರಶಸ್ತಿಗೆ ಅವರ ಹೆಸರು ಸೂಚಿತವಾಯಿತು. 1952ರ ಮೇ 6ರಂದು ಹಾಲೆಂಡಿನ ನೋರ್ಡ್‌ವೈಕ್ ಎಂಬ ಕಡಲತೀರದ ಊರಿನಲ್ಲಿ ತೀರಿಕೊಂಡರು. ಅಲ್ಲಿನ ಕಥೋಲಿಕ ಸ್ಮಶಾನದಲ್ಲಿ ಅವರ ಸಮಾಧಿಯಿದೆ.

ಹೆಸರು ಆಮೇಲೆ ಬಂತು

ಅವರು ಕೊಡೈಕೆನಾಲಿನಲ್ಲಿದ್ದ 1943ರಲ್ಲಿಯೇ ಅಮೆರಿಕದ ಬಾಲ್ಟಿಮೋರ್ ನಗರದಲ್ಲಿ ಲಿಯೋ ಕ್ಯಾನರ್ ಎಂಬ ವೈದ್ಯರು ಹನ್ನೊಂದು ಮಕ್ಕಳ ಬಗ್ಗೆ ಒಂದು ಲೇಖನ ಪ್ರಕಟಿಸಿದರು. ಆಟಿಸಂ, ಅಂದರೆ ಸ್ವಲೀನತೆ, ಒಂದು ಪ್ರತ್ಯೇಕ ಸ್ಥಿತಿಯೆಂದು ವೈದ್ಯಲೋಕ ಗುರುತಿಸತೊಡಗಿದ್ದು ಮುಖ್ಯವಾಗಿ ಆಮೇಲೆ. ಅದು ಹುಚ್ಚಲ್ಲ, ಶಾಪವಲ್ಲ, ತಾಯಿಯ ಲಾಲನೆಯಲ್ಲಿ ಆದ ತಪ್ಪೂ ಅಲ್ಲ. ಮಿದುಳು ಮೊದಲಿನಿಂದಲೇ ಬೇರೆ ರೀತಿಯಲ್ಲಿ ಬೆಳೆಯುವುದರಿಂದ ಮಾತು, ಒಡನಾಟ, ಶಬ್ದ, ಸ್ಪರ್ಶ ಇವೆಲ್ಲ ಆ ಮಗುವಿಗೆ ಬೇರೆ ರೀತಿಯಲ್ಲಿ ತಾಗುತ್ತವೆ. ರೋಮ್ ನಗರದ ಆ ಆಸ್ಪತ್ರೆಯಲ್ಲೂ ಅಂಥ ಮಕ್ಕಳು ಇದ್ದಿರಬಹುದು. ಆಗ ಅವರಿಗೆ ಆ ಹೆಸರಿರಲಿಲ್ಲ.

ಮಾಂಟೆಸರಿ ಆಟಿಸಂಗೆ ಮದ್ದು ಕಂಡುಹಿಡಿದರು ಎಂದರೆ ಸುಳ್ಳಾಗುತ್ತದೆ. ಇಂಥ ಮಕ್ಕಳನ್ನು ಸಾಮಾನ್ಯ ತರಗತಿಯಲ್ಲೇ ಕೂರಿಸಬೇಕೆಂಬ ಮಾತೂ ಅವರ ಕಾಲದ್ದಲ್ಲ. ಅವರು ಆಗ ಕೇಳಿದ್ದು ಪ್ರತ್ಯೇಕ ಶಾಲೆಗಳನ್ನೇ. ಆದರೆ ಅವರ ಕೊಠಡಿಯನ್ನು ನೋಡಿ. ಪ್ರತಿ ವಸ್ತುವಿಗೂ ಅದರದೇ ಜಾಗ. ನಿನ್ನೆ ಇದ್ದಲ್ಲೇ ಇಂದೂ ಇರುತ್ತದೆ. ಒಂದು ಸಲಕ್ಕೆ ಒಂದೇ ಕೆಲಸ, ಅದರ ಆದಿ ಅಂತ್ಯ ಕಣ್ಣಿಗೆ ಕಾಣುತ್ತದೆ. ಶಿಕ್ಷಕಿ ಮಾತು ಕಡಿಮೆ ಮಾಡಿ ಕೈಯಿಂದ ತೋರಿಸುತ್ತಾಳೆ. ತಪ್ಪಾದರೆ ಬೈಗುಳವಿಲ್ಲ, ತುಂಡು ಕುಳಿಯಲ್ಲಿ ಕೂರದೆ ತಪ್ಪನ್ನು ತಾನೇ ತೋರಿಸುತ್ತದೆ. ಗದ್ದಲವಿಲ್ಲ, ಅವಸರವಿಲ್ಲ. ಆಟಿಸಂ ಇರುವ ಮಗುವಿಗೆ ಅನುಕೂಲವಾಗುವ ತರಗತಿ ಹೇಗಿರಬೇಕೆಂದು ಇಂದಿನ ತಜ್ಞರನ್ನು ಕೇಳಿದರೆ ಇವುಗಳಲ್ಲಿ ಬಹುಪಾಲನ್ನು ಅವರೂ ಹೇಳುತ್ತಾರೆ. ಇದರ ಜೊತೆಗೆ ದಿನದ ಕೆಲಸಗಳನ್ನು ಚಿತ್ರಗಳಲ್ಲಿ ಜೋಡಿಸಿದ ವೇಳಾಪಟ್ಟಿ, ಗಂಟೆಯ ಸದ್ದು ತಡೆಯದ ಮಗುವಿಗೆ ಸ್ವಲ್ಪ ಹೊತ್ತು ಕುಳಿತಿರಲು ಒಂದು ಶಾಂತವಾದ ಮೂಲೆ, ಮಾತಿನ ತರಬೇತಿ ಕೊಡುವವರ ನೆರವು, ವಿಶೇಷ ಶಿಕ್ಷಕರ ಸಲಹೆ ಬೇಕಾಗುತ್ತದೆ. ಒಂದು ಮಗುವಿಗೆ ಒಗ್ಗಿದ್ದು ಇನ್ನೊಂದಕ್ಕೆ ಒಗ್ಗದಿರಬಹುದು. ಆದ್ದರಿಂದಲೇ ಕಲಿಸುವುದಕ್ಕೆ ಮೊದಲು ಮಗುವನ್ನು ನೋಡುತ್ತಾ ಕೂರಬೇಕೆಂದು ಮಾಂಟೆಸರಿ ಶಿಕ್ಷಕರಿಗೆ ಒತ್ತಿ ಹೇಳುತ್ತಿದ್ದರು.

ನಾವು ತೀರಿಸಬೇಕಾದ ಋಣ

ಇಂದು ನಮ್ಮ ದೇಶದ ಕಾನೂನೂ ಈ ಮಕ್ಕಳ ಪರವಾಗಿದೆ. 2009ರ ಶಿಕ್ಷಣ ಹಕ್ಕು ಕಾಯ್ದೆ ಆರರಿಂದ ಹದಿನಾಲ್ಕು ವರ್ಷದ ಎಲ್ಲ ಮಕ್ಕಳಿಗೂ ಶಾಲೆಯ ಹಕ್ಕು ಕೊಟ್ಟಿದೆ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಹೆಸರಿಸುವ 21 ಬಗೆಯ ಅಂಗವೈಕಲ್ಯಗಳಲ್ಲಿ ಆಟಿಸಂ ಒಂದು. ಸರ್ಕಾರದ ಅನುದಾನ ಅಥವಾ ಮಾನ್ಯತೆ ಪಡೆದ ಶಾಲೆಗಳು ಇಂಥ ಮಕ್ಕಳನ್ನು ಭೇದವಿಲ್ಲದೆ ಸೇರಿಸಿಕೊಳ್ಳಬೇಕೆಂಬುದು ಅದರ ಆಶಯ. 2014ರಲ್ಲಿ ಪೋಪ್ ಫ್ರಾನ್ಸಿಸ್ ಅವರು ಆಟಿಸಂ ಇರುವ ಮಕ್ಕಳನ್ನೂ ಅವರ ಕುಟುಂಬದವರನ್ನೂ ವ್ಯಾಟಿಕನ್‌ನಲ್ಲಿ ಭೇಟಿಯಾಗಿ, ಈ ಕುಟುಂಬಗಳ ಒಂಟಿತನವನ್ನು ನೀಗಿಸುವುದು ಎಲ್ಲರ ಹೊಣೆಯೆಂದು ನೆನಪಿಸಿದರು.

ಕಾನೂನಿಗಿಂತ ಹಳೆಯದಾದ ಒಂದು ಋಣವೂ ಇದೆ. ನಮ್ಮ ಮಕ್ಕಳು ಇಂದು ಬೆರಳಾಡಿಸುವ ಮರಳು ಕಾಗದದ ಅಕ್ಷರ, ಜೋಡಿಸುವ ಮರದ ತುಂಡು, ಕೂರುವ ಪುಟ್ಟ ಕುರ್ಚಿ ಇವೆಲ್ಲದರ ಹಿಂದೆ ಆ ಆಸ್ಪತ್ರೆಯ ಮಕ್ಕಳಿದ್ದಾರೆ. ಹೊಲಿಗೆ ಬಾರದ ಆ ಹುಡುಗಿ, ಬ್ರೆಡ್ಡಿನ ಚೂರು ಉರುಳಿಸುತ್ತಿದ್ದ ಆ ಮಕ್ಕಳು ಒಬ್ಬ ವೈದ್ಯೆಗೆ ಕಲಿಸಿದ ಪಾಠದಿಂದ ಲೋಕದ ಮಕ್ಕಳೆಲ್ಲ ಕಲಿತರು. ಅಂಥ ಮಕ್ಕಳಿಂದ ಪಡೆದದ್ದನ್ನು ಬಳಸಿಕೊಂಡು, ಅಂಥ ಮಕ್ಕಳಿಗೇ ನಮ್ಮ ಶಾಲೆಯಲ್ಲಿ ಜಾಗವಿಲ್ಲವೆನ್ನುವುದು ನ್ಯಾಯವಲ್ಲ.

ಶಾಲೆ ನಡೆಸುವವರು ಮುಂದಿನ ಪ್ರವೇಶದ ದಿನಗಳಲ್ಲಿ ಇದನ್ನು ನೆನೆಯಲಿ. ಶಿಕ್ಷಕರು ಮಗು ಕಿವಿ ಮುಚ್ಚಿಕೊಂಡಾಗ ಹಟವೆಂದು ಗದರಿಸುವ ಮೊದಲು ಕೊಠಡಿಯ ಸದ್ದನ್ನು ಒಮ್ಮೆ ಕೇಳಿಸಿಕೊಳ್ಳಲಿ. ಬೇರೆ ಮಕ್ಕಳ ತಂದೆತಾಯಂದಿರು ಇಂಥ ಮಗುವಿನ ಪಕ್ಕದಲ್ಲಿ ತಮ್ಮ ಮಗು ಕೂರುವುದನ್ನು ಸಂತೋಷದಿಂದ ಒಪ್ಪಲಿ. ಕಾಯುವುದನ್ನೂ ಹಂಚಿಕೊಳ್ಳುವುದನ್ನೂ ಅಲ್ಲಿ ಅವರ ಮಗುವೂ ಕಲಿಯುತ್ತದೆ. ಬಲಿಪೂಜೆಯ ನಡುವೆ ಒಂದು ಮಗು ಕೂಗಿದರೆ, ಎದ್ದು ಓಡಿದರೆ, ತಿರುಗಿ ನೋಡುವ ಕಣ್ಣುಗಳಲ್ಲಿ ಕೋಪವಿರದಿರಲಿ. ಯೇಸುಸ್ವಾಮಿ ಶಿಷ್ಯರ ನಡುವೆ ಒಂದು ಮಗುವನ್ನು ನಿಲ್ಲಿಸಿದಾಗ ಅದು ಜಾಣ ಮಗುವೇ, ಮಾತು ಬಂದ ಮಗುವೇ ಎಂದು ಯಾರೂ ವಿಚಾರಿಸಲಿಲ್ಲ. ಶುಭಸಂದೇಶವೂ ಅದನ್ನು ಹೇಳುವುದಿಲ್ಲ. ಅಲ್ಲಿ ನಿಂತದ್ದು ಒಂದು ಮಗು, ಅಷ್ಟೇ.